ಸಿಸ್ಟರ್ ಚೀಲದೊಳಗಿನ ಚರಿತ್ರೆ



ಹೋದ ಮಳೆಗಾಲದ ಒಂದು ಏಕಾದಶಿಯ ದಿನ, ನಮ್ಮ ಶಾಲೆಯ ಆರನೇ ತರಗತಿಯ ಹುಡುಗನೊಬ್ಬನ ಅಜ್ಜಿ ಜಗಲಿಯಲ್ಲೇ ಕುಸಿದು ಕೂತರು. ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಮನೆಯವರು ಹಣೆಗೆ ತಣ್ಣೀರು ತಟ್ಟಿದರು, ಗಾಳಿ ಬೀಸಿದರು. ವಾಯುವೋ, ದೃಷ್ಟಿಯೋ ಎಂದು ಗಾಬರಿಯಾದರು. ಅದೃಷ್ಟಕ್ಕೆ ಪಕ್ಕದ ಮನೆಯಲ್ಲಿ ಹಾಸಿಗೆ ಹಿಡಿದವರೊಬ್ಬರನ್ನು ನೋಡಲು ಪಂಚಾಯತಿನ ಪಾಲಿಯೇಟಿವ್ ಸಿಸ್ಟರ್ ಬಂದಿದ್ದರು. ಕರೆದ ಕೂಡಲೇ ಚೀಲ ಹಿಡಿದುಕೊಂಡು ಓಡಿ ಬಂದರು.

ಆ ಸಿಸ್ಟರ್ ತೆಂಕಣ ಜಿಲ್ಲೆಯವರು, ಮನೆಮಾತು ಮಲಯಾಳ. ನಮ್ಮ ಕಡೆ ನಾಲ್ಕೈದು ವರ್ಷ ಓಡಾಡಿ ಅಷ್ಟಿಷ್ಟು ತುಳು ಕಲಿತಿದ್ದರು. ಅಜ್ಜಿಯ ಬೆರಳು ಚುಚ್ಚಿ ರಕ್ತ ತೆಗೆಯುತ್ತಲೇ ಕೇಳಿದರಂತೆ: "ಅಜ್ಜೀ, ವನಸ್ ಆಂಡಾ?" ಊಟ ಆಯಿತೇ ಎಂದು. ಅಜ್ಜಿ ತೊದಲುತ್ತಲೇ ಹೇಳಿದರು: "ಇನಿ ಏಕಾದಶಿ." ಯಂತ್ರದಲ್ಲಿ 48 ಎಂದು ಬಂತು. 70ಕ್ಕಿಂತ ಕೆಳಗೆ ಇಳಿದರೆ ಅದು ಶುಗರ್ ಕಡಿಮೆಯಾದ ಲಕ್ಷಣ. ಅಜ್ಜಿಗೆ ಎಚ್ಚರವಿತ್ತು, ನುಂಗಲು ಆಗುತ್ತಿತ್ತು. ಹಾಗಾಗಿ ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿದರು. ಹದಿನೈದು ನಿಮಿಷ ಕಾದು ಮತ್ತೆ ನೋಡಿದರು. ಅಜ್ಜಿ ಎದ್ದು ಕೂತು, ಎಲ್ಲರೂ ಯಾಕೆ ಹೀಗೆ ಸುತ್ತ ನಿಂತಿದ್ದೀರಿ ಎಂದು ಗದರಿಸಿದರಂತೆ.

ಆದದ್ದು ಇಷ್ಟು. ಆಸ್ಪತ್ರೆಯಿಂದ ಕೊಟ್ಟ ಶುಗರ್ ಮಾತ್ರೆಯನ್ನು ಊಟಕ್ಕೆ ಮೊದಲು ತೆಗೆದುಕೊಳ್ಳಬೇಕು ಎಂದು ಮೊಮ್ಮಗ ಚೀಟಿ ನೋಡಿ ಹೇಳಿದ್ದ. ಅಜ್ಜಿ ಚಾಚೂ ತಪ್ಪದೆ ತೆಗೆದುಕೊಂಡರು. ಊಟವನ್ನು ಮಾತ್ರ ಬಿಟ್ಟರು, ಏಕಾದಶಿ ತಾನೇ! ಊಟ ತಪ್ಪಿಸಬಾರದು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಆದರೆ ಮಲಯಾಳದಲ್ಲಿ ಹೇಳಿದ್ದರು. ಅಜ್ಜಿ ತಲೆಯಾಡಿಸಿದ್ದರು. ತಲೆಯಾಡಿಸುವುದು ನಮ್ಮ ಕಡೆಯ ಹಿರಿಯರು ಕಲಿತಿರುವ ಮೊದಲ ಮಲಯಾಳ.

ಮರುದಿನ ಸಂಜೆ ಅವರ ಮನೆಗೆ ಹೋಗಿ ಬಂದ ಮೇಲೆ ಆ ಚೀಲದ ವಿಷಯ ನಮ್ಮ ತಲೆಯಿಂದ ಹೋಗಲಿಲ್ಲ. ಬಿ.ಪಿ. ನೋಡುವ ಪಟ್ಟಿ, ಶುಗರ್ ನೋಡುವ ಯಂತ್ರ, ಗಾಯಕ್ಕೆ ಕಟ್ಟುವ ಬಟ್ಟೆ, ಒಂದು ದಪ್ಪ ಪುಸ್ತಕ. ಇವೆಲ್ಲ ನಮ್ಮ ಗುಡ್ಡೆ ಹತ್ತಿ ಬರಲು ಎಷ್ಟು ವರ್ಷ ಬೇಕಾಯಿತು? ಮಕ್ಕಳಿಗೆ ರಾಜರ ಇಸವಿಗಳನ್ನು ಉರು ಹೊಡೆಸುವ ನಾವು ಈ ಚರಿತ್ರೆಯನ್ನು ಯಾಕೆ ಹೇಳುವುದಿಲ್ಲ? ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಒಂದೇ ಶಬ್ದ, ಎರಡು ಅರ್ಥ

ಮೊದಲು ಹೆಸರಿನ ಕತೆ. ಮಲಯಾಳದಲ್ಲಿ ಸಕ್ಕರೆ ಕಾಯಿಲೆಗೆ ಪ್ರಮೇಹಂ ಎನ್ನುತ್ತಾರೆ. ಆಸ್ಪತ್ರೆಯ ಗೋಡೆಯಲ್ಲಿ, ಹಂಚುವ ಕರಪತ್ರದಲ್ಲಿ ಎಲ್ಲ ಕಡೆಯೂ ಅದೇ. ಆದರೆ ನಮ್ಮ ಹಿರಿಯರ ಕಿವಿಗೆ ಪ್ರಮೇಹವೆಂದರೆ ಹೋಗಬಾರದ ಕಡೆ ಹೋಗಿ ತಂದುಕೊಂಡ ಗುಹ್ಯರೋಗ! ನಮ್ಮ ಪರಿಚಯದ ಹಿರಿಯರೊಬ್ಬರು ಕರಪತ್ರದಲ್ಲಿ ಏನು ಬರೆದಿದೆ ಎಂದು ಓದಿಸಿ ಕೇಳಿ, ಮರ್ಯಾದಸ್ಥರ ಮನೆಗೆ ಇಂಥ ಕಾಗದ ಕೊಡುವುದೇ ಎಂದು ಹರಿದು ಹಾಕಿದ್ದರು.

ತಮಾಷೆಯೆಂದರೆ ಎರಡೂ ಭಾಷೆಯವರು ಶಬ್ದವನ್ನು ತೆಗೆದುಕೊಂಡದ್ದು ಒಂದೇ ಕಡೆಯಿಂದ. ಚರಕ, ಸುಶ್ರುತರ ಸಂಹಿತೆಗಳಲ್ಲಿ ಮೂತ್ರಕ್ಕೆ ಸಂಬಂಧಿಸಿದ ಇಪ್ಪತ್ತು ಬಗೆಯ ಪ್ರಮೇಹಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಒಂದು ಮಧುಮೇಹ, ಅಂದರೆ ಜೇನಿನಂತೆ ಸಿಹಿಯಾದ ಮೂತ್ರ ಹೋಗುವುದು. ಮಲಯಾಳದವರು ಗುಂಪಿನ ಹೆಸರನ್ನು ಇಟ್ಟುಕೊಂಡರು, ಕನ್ನಡದವರು ಗುಂಪಿನೊಳಗಿನ ಒಂದರ ಹೆಸರನ್ನು ಇಟ್ಟುಕೊಂಡೆವು.

ಇನ್ನೊಂದು ಶಬ್ದ ಶೇಷಂ. ಮದ್ದಿನ ಚೀಟಿಯಲ್ಲಿ ಊಟದ ನಂತರ ಎನ್ನಲು ಮಲಯಾಳದಲ್ಲಿ ಹಾಗೆ ಬರೆಯುತ್ತಾರೆ. ಕನ್ನಡ ಶಾಲೆಯಲ್ಲಿ ಭಾಗಾಕಾರ ಕಲಿತವರಿಗೆ ಶೇಷವೆಂದರೆ ಉಳಿದದ್ದು. ಶೇಷ ಎಂದರೆ ಮಾತ್ರೆ ಉಳಿಸಿಡಬೇಕು ಎಂದು ತಿಳಿದವರನ್ನೂ ನಾವು ಕಂಡಿದ್ದೇವೆ. ಜ್ವರದ ಮದ್ದಾದರೆ ಮೂರು ದಿನದಲ್ಲಿ ಮುಗಿಯುತ್ತದೆ, ತಪ್ಪಾದರೂ ಹೇಗೋ ಸುಧಾರಿಸುತ್ತದೆ. ಶುಗರ್, ಬಿ.ಪಿ., ದಮ್ಮು ಹಾಗಲ್ಲ. ಈ ಕಾಯಿಲೆಗಳ ಜೊತೆ ಇಪ್ಪತ್ತು, ಮೂವತ್ತು ವರ್ಷ ಸಂಸಾರ ಮಾಡಬೇಕು. ಒಂದು ಶಬ್ದ ತಪ್ಪಿದರೆ ಆ ತಪ್ಪು ದಿನಾಲೂ ಮುಂದುವರಿಯುತ್ತದೆ.

ಉದ್ದದ ಕಾಯಿಲೆಗೆ ಊರಾಚೆಯ ಮನೆ

ನಮ್ಮ ಅಜ್ಜಂದಿರ ಕಾಲದ ಭಯಗಳು ಬೇರೆ. ಕಾಲರಾ, ಸಿಡುಬು, ಮಲೇರಿಯ. ಬಂದರೆ ಹದಿನೈದು ದಿನದೊಳಗೆ ಇತ್ಯರ್ಥ. ನಿಧಾನವಾಗಿ ತಿನ್ನುವ ಕಾಯಿಲೆಗಳು ಆಗಲೂ ಇದ್ದವು. ಕ್ಷಯವಿತ್ತು, ಕುಷ್ಠವಿತ್ತು. ಅಂಥವರನ್ನು ನೋಡಿಕೊಳ್ಳುವುದೆಂದರೆ ದೂರ ಇಡುವುದು ಎಂದೇ ಅರ್ಥ. ಕಾಸರಗೋಡು ಆಗ ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ದೊಡ್ಡ ಆಸ್ಪತ್ರೆ ಬೇಕಾದರೆ ಮಂಗಳೂರಿಗೇ ಹೋಗಬೇಕು. ಅಲ್ಲಿ ಈಗ ವೆನ್ಲಾಕ್ ಎಂದು ಕರೆಯುವ ಸರಕಾರಿ ಆಸ್ಪತ್ರೆ 1848ರಿಂದ ಇತ್ತು. ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪತಿ ಮದ್ದು ಕೊಡಲು ಶುರುಮಾಡಿ, 1890ರಲ್ಲಿ ಕುಷ್ಠರೋಗಿಗಳಿಗಾಗಿಯೇ ಆಸ್ಪತ್ರೆ ಕಟ್ಟಿಸಿದರು. ಮನೆಯವರು ಬಿಟ್ಟವರಿಗೆ ಅಲ್ಲಿ ಅನ್ನ, ನೆರಳು, ಗಾಯಕ್ಕೆ ಆರೈಕೆ ಸಿಕ್ಕಿತು. ಅದು ದೊಡ್ಡ ಕೆಲಸವೇ. ಆದರೆ ರೋಗಿ ಮನೆ ಬಿಟ್ಟು ಅಲ್ಲಿಗೆ ಹೋಗಬೇಕಿತ್ತು.

ನರ್ಸು ಮನೆಗೆ ಬರುವ ಕಾಲ ಇನ್ನೂ ಬಂದಿರಲಿಲ್ಲ. ಬರಬೇಕೆಂದರೆ ನರ್ಸುಗಳು ಎಲ್ಲಿದ್ದರು? 1943ರಲ್ಲಿ ನೇಮಕವಾದ ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟಿತು. ಆಗ ಇಡೀ ಬ್ರಿಟಿಷ್ ಇಂಡಿಯಾದಲ್ಲಿ ಇದ್ದ ನರ್ಸುಗಳು ಸುಮಾರು 7,000. ಅಂದರೆ 43,000 ಜನರಿಗೆ ಒಬ್ಬರು. ಹಳ್ಳಿಗಾಡಿನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಇರಬೇಕು, ರೋಗ ಬಂದ ಮೇಲೆ ಅಲ್ಲ, ಬರುವ ಮೊದಲೇ ಮನೆ ಮನೆಗೆ ಹೋಗಿ ನೋಡಬೇಕು ಎಂದು ಸಮಿತಿ ಹೇಳಿತು. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆಯ ಜೊತೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಶುರುವಾದವು.

ಮದ್ರಾಸಿನ ಗಲ್ಲಿ, ತುಮಕೂರಿನ ಹಳ್ಳಿ

ಉದ್ದದ ಕಾಯಿಲೆಯನ್ನು ಮನೆಯಲ್ಲೇ ನೋಡಿಕೊಳ್ಳಬಹುದು ಎಂದು ಜಗತ್ತಿಗೆ ತೋರಿಸಿಕೊಟ್ಟದ್ದು ನಮ್ಮ ದೇಶವೇ. ಇದು ನಮ್ಮ ಪಾಠಪುಸ್ತಕದಲ್ಲಿ ಇರಬೇಕಿತ್ತು.

ಕ್ಷಯಕ್ಕೆ ಮದ್ದು ಬಂದದ್ದು 1940ರ ದಶಕದಲ್ಲಿ. ಮದ್ದು ಬಂದರೂ ರೋಗಿಯನ್ನು ಸ್ಯಾನಿಟೋರಿಯಮ್ಮಿನಲ್ಲೇ ಇಡಬೇಕು, ಒಳ್ಳೆಯ ಗಾಳಿ, ಹಾಲು, ಮೊಟ್ಟೆ, ವಿಶ್ರಾಂತಿ ಇಲ್ಲದಿದ್ದರೆ ಗುಣವಾಗುವುದಿಲ್ಲ ಎಂದು ದೊಡ್ಡ ಡಾಕ್ಟರುಗಳೂ ನಂಬಿದ್ದರು. ನಮ್ಮ ದೇಶದಲ್ಲಿ ರೋಗಿಗಳು ಲಕ್ಷಾಂತರ, ಹಾಸಿಗೆಗಳು ಕೆಲವು ಸಾವಿರ. ಆಗ 1956ರಲ್ಲಿ ಮದ್ರಾಸಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸು ಸರಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಒಂದು ಕೇಂದ್ರ ತೆರೆದವು. ವ್ಯಾಲೇಸ್ ಫಾಕ್ಸ್ ಎಂಬ ವೈದ್ಯರು ಅದನ್ನು ಮುನ್ನಡೆಸಿದರು. ಇನ್ನೂರರ ಹತ್ತಿರ ಬಡ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಸ್ಯಾನಿಟೋರಿಯಮ್ಮಿಗೆ, ಇನ್ನೊಂದು ತಮ್ಮ ತಮ್ಮ ಇಕ್ಕಟ್ಟಿನ ಮನೆಗೆ. ಮದ್ದು ಇಬ್ಬರಿಗೂ ಒಂದೇ.

1959ರಲ್ಲಿ ಫಲಿತಾಂಶ ಪ್ರಕಟವಾಯಿತು. ಹಾಲು ಮೊಟ್ಟೆ ತಿಂದು ಮಲಗಿದವರೂ, ಮನೆಯ ಗಂಜಿ ಕುಡಿದು ಕೆಲಸ ಮಾಡಿದವರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಗುಣವಾಗಿದ್ದರು! ಮನೆಯಲ್ಲಿದ್ದ ರೋಗಿಗಳಿಂದ ಮನೆಮಂದಿಗೆ ಹೆಚ್ಚು ರೋಗ ಹರಡಲೂ ಇಲ್ಲ. ಮದ್ದು ಶುರುವಾದ ಮೇಲೆ ಗುಣಪಡಿಸುವುದು ಗಾಳಿಯಲ್ಲ, ಹಾಸಿಗೆಯಲ್ಲ, ಬಿಡದೆ ನುಂಗಿದ ಮದ್ದು.

ಆದರೆ ಬಿಡದೆ ನುಂಗಿಸಿದವರು ಯಾರು? ಇಲ್ಲಿ ನಮ್ಮ ಸಿಸ್ಟರ್‌ಗಳ ಪೂರ್ವಜರು ಬರುತ್ತಾರೆ. ಆರೋಗ್ಯ ಸಂದರ್ಶಕಿಯರು ಮದ್ರಾಸಿನ ಗಲ್ಲಿಗಳಲ್ಲಿ ನಡೆದು, ಹೇಳದೆ ಕೇಳದೆ ಮನೆಗೆ ಹೋಗಿ ಮಾತ್ರೆ ಎಣಿಸುತ್ತಿದ್ದರು. ಮೂತ್ರ ಪರೀಕ್ಷಿಸಿ ಮದ್ದು ಹೊಟ್ಟೆಗೆ ಹೋಗಿದೆಯೋ ಇಲ್ಲವೋ ನೋಡುತ್ತಿದ್ದರು. ರೋಗಿ ಬರದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳಲು ಹೋಗುತ್ತಿದ್ದರು. ಇದನ್ನು ಬರೆದಿಡುತ್ತಿದ್ದರು.

ಎರಡನೆಯ ಪಾಠ ತುಮಕೂರು ಜಿಲ್ಲೆಯದು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಹಳ್ಳಿಯವರಿಗೆ ತಿಳುವಳಿಕೆ ಇಲ್ಲ, ಕೆಮ್ಮು ಬಂದರೂ ಸುಮ್ಮನಿರುತ್ತಾರೆ ಎಂಬುದು ಆಗಿನ ಎಲ್ಲರ ಅಭಿಪ್ರಾಯ. (ಈಗಲೂ ಕೆಲವರದು ಅದೇ.) ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರಿನ ಹಳ್ಳಿಗಳಲ್ಲಿ ರೋಗಿಗಳನ್ನೇ ಮಾತಾಡಿಸಿ ನೋಡಿದರು. 1963ರಲ್ಲಿ ಪ್ರಕಟವಾದ ಅವರ ಅಧ್ಯಯನ ಕಣ್ಣು ತೆರೆಸುವಂಥದ್ದು. ರೋಗಿಗಳಲ್ಲಿ ಹೆಚ್ಚಿನವರಿಗೆ ತಮಗೇನೋ ಆಗಿದೆ ಎಂದು ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಜನ ಸರಕಾರಿ ಆಸ್ಪತ್ರೆಗೆ ಹೋಗಿಯೂ ಆಗಿತ್ತು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಮದ್ದು!

ಹಳ್ಳಿಯವನು ತನ್ನ ಕಾಯಿಲೆಯನ್ನು ಗುರುತಿಸಿದ್ದ, ಗುರುತಿಸದೆ ಹೋದದ್ದು ಆಸ್ಪತ್ರೆಯ ಕಿಟಕಿ. ಎಷ್ಟು ದಿನದಿಂದ ಕೆಮ್ಮು ಎಂದು ಅಲ್ಲಿ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. 1962ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಬೇರೆ ಆಸ್ಪತ್ರೆ ಕಟ್ಟದೆ ಸಾಮಾನ್ಯ ಆರೋಗ್ಯ ಕೇಂದ್ರಗಳಲ್ಲೇ ಕಫ ಪರೀಕ್ಷೆ ನಡೆಸುವ ದಾರಿ ಹಿಡಿಯಿತು. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ ಎಂದು ಈಗ ಎಲ್ಲ ಆಸ್ಪತ್ರೆಗಳ ಗೋಡೆಯಲ್ಲಿ ಬರೆದಿರುತ್ತದೆ.

ಪಟ್ಟಿಯೂ ಪ್ರನಾಳವೂ

ಇನ್ನು ಚೀಲದೊಳಗಿನ ಸಾಮಾನುಗಳಿಗೆ ಬರೋಣ. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ ರಕ್ತದೊತ್ತಡ ಅಳೆಯುವ ಉಪಾಯವನ್ನು 1896ರಲ್ಲಿ ಇಟಲಿಯ ರಿವಾ-ರೊಚ್ಚಿ ಎಂಬ ವೈದ್ಯ ಕಂಡುಹಿಡಿದ. ಅವನಿಗೆ ನಾಡಿ ಹಿಡಿದು ಮೇಲಿನ ಅಂಕಿ ಮಾತ್ರ ಸಿಗುತ್ತಿತ್ತು. 1905ರಲ್ಲಿ ರಷ್ಯದ ಕೊರೊಟ್ಕೊವ್ ಎಂಬ ಶಸ್ತ್ರವೈದ್ಯ ಮೊಣಕೈ ಒಳಗೆ ಸ್ಟೆಥಸ್ಕೋಪ್ ಇಟ್ಟು ಕೇಳಿದ. ಶಬ್ದ ಶುರುವಾಗುವುದು ಮೇಲಿನ ಅಂಕಿ, ನಿಲ್ಲುವುದು ಕೆಳಗಿನ ಅಂಕಿ. ನೂರು ವರ್ಷ ದಾಟಿದರೂ ನರ್ಸಿಂಗ್ ಕಲಿಯುವ ಮಕ್ಕಳು ಮೊದಲು ಕಲಿಯುವುದು ಆ ಶಬ್ದ ಕೇಳುವುದನ್ನೇ.

ಅಳೆಯಲು ಬಂತು, ಸರಿ. ಆದರೆ ಏರಿದ ಒತ್ತಡವನ್ನು ಏನು ಮಾಡುವುದು? ವಯಸ್ಸಾದಂತೆ ಒತ್ತಡ ಏರುವುದು ಸಹಜ, ಇಳಿಸಬಾರದು ಎಂದು ಬಹುಕಾಲ ಡಾಕ್ಟರುಗಳೇ ನಂಬಿದ್ದರು. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ 1945ರ ಏಪ್ರಿಲ್ 12ರಂದು ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಅವರ ಬಿ.ಪಿ. ವಿಪರೀತ ಏರಿದ್ದು ವೈದ್ಯರಿಗೆ ಮೊದಲೇ ಗೊತ್ತಿತ್ತು. ಇಳಿಸಲು ಒಳ್ಳೆಯ ಮದ್ದು ಇರಲಿಲ್ಲ. ಲೋಕದ ಅತ್ಯಂತ ಬಲಶಾಲಿ ಮನುಷ್ಯನಿಗೆ ಅಂದು ಸಿಗದ ಮಾತ್ರೆ ಇಂದು ನಮ್ಮ ಪಂಚಾಯತಿನ ಬೀಡಿ ಕಟ್ಟುವ ಅಕ್ಕನಿಗೆ ಪುಕ್ಕಟೆ ಸಿಗುತ್ತದೆ. ಸುರಕ್ಷಿತವಾಗಿ ಬಿ.ಪಿ. ಇಳಿಸುವ, ದಿನಾ ನುಂಗಬಹುದಾದ ಮಾತ್ರೆ ಬಳಕೆಗೆ ಬಂದದ್ದು 1958ರ ಸುಮಾರಿಗೆ. ಇಳಿಸಿದರೆ ಪಾರ್ಶ್ವವಾಯು ಕಡಿಮೆಯಾಗುತ್ತದೆ ಎಂದು ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಅಧ್ಯಯನ 1967 ಮತ್ತು 1970ರಲ್ಲಿ ಖಚಿತವಾಗಿ ತೋರಿಸಿತು.

ಸಕ್ಕರೆಯ ಕತೆ ಇನ್ನೂ ಹಳೆಯದು. 1776ರಲ್ಲಿ ಇಂಗ್ಲೆಂಡಿನ ಮ್ಯಾಥ್ಯೂ ಡಾಬ್ಸನ್ ರೋಗಿಯ ಮೂತ್ರವನ್ನು ಇಂಗಿಸಿ, ಉಳಿದದ್ದು ಸಕ್ಕರೆಯೇ ಎಂದು ತೋರಿಸಿದ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಅಮೆರಿಕದ ಬೆನೆಡಿಕ್ಟ್ ಎಂಬ ರಸಾಯನ ವಿಜ್ಞಾನಿ ಒಂದು ನೀಲಿ ದ್ರಾವಣ ಮಾಡಿದ. ಪ್ರನಾಳದಲ್ಲಿ ಅದನ್ನು 5 ಮಿ.ಲೀ. ಹಾಕಿ, 8 ತೊಟ್ಟು ಮೂತ್ರ ಸೇರಿಸಿ ಕುದಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸುರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆ ಕೆಂಪು ಬಂದರೆ ಸಕ್ಕರೆ ಹೆಚ್ಚುತ್ತಾ ಹೋಗಿದೆ ಎಂದು ಅರ್ಥ. ಒಂದು ಸ್ಪಿರಿಟ್ ದೀಪ ಇದ್ದರೆ ಯಾವ ಗುಡ್ಡೆಯ ಮೇಲೂ ಈ ಪರೀಕ್ಷೆ ಮಾಡಬಹುದು. ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಗ್ಲೂಕೋಸ್ ನೀರು ಹಾಕಿ ಮಕ್ಕಳಿಗೆ ಇದನ್ನು ತೋರಿಸಬಹುದು.

1921ರಲ್ಲಿ ಕೆನಡದ ಟೊರಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಬೇರ್ಪಡಿಸಿದರು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಇಂಜೆಕ್ಷನ್ ಕೊಟ್ಟರು. ಅದಕ್ಕೆ ಮೊದಲು ಅಂಥ ಮಕ್ಕಳಿಗೆ ಅನ್ನ ಕಡಿಮೆ ಮಾಡುತ್ತಾ ಕೆಲವು ತಿಂಗಳು ಉಳಿಸಿಕೊಳ್ಳುವುದಷ್ಟೇ ದಾರಿಯಾಗಿತ್ತು. ಸಾಯುವ ಕಾಯಿಲೆ ಅಂದಿನಿಂದ ಬಾಳುವ ಕಾಯಿಲೆಯಾಯಿತು. ಬಾಳಬೇಕಾದರೆ ದಿನಾ ಅಳೆಯಬೇಕು, ದಿನಾ ಚುಚ್ಚಬೇಕು. ದಾದಿಯ ಕೆಲಸ ಅಲ್ಲಿಂದ ಹೆಚ್ಚಿತು.

ಚೀಲದಲ್ಲಿ ಇತ್ತು, ಅಜ್ಜಿಗೆ ಸಿಗಲಿಲ್ಲ

ಈಗ ನಮಗೆ ಬಹಳ ಆಶ್ಚರ್ಯವಾದ ಸಂಗತಿ. ಬಿ.ಪಿ. ಪಟ್ಟಿಯೂ ಮೂತ್ರ ಪರೀಕ್ಷೆಯೂ ಹಳ್ಳಿಯ ಎ.ಎನ್.ಎಂ.ಗೆ ಹೊಸದಲ್ಲ. ಗರ್ಭಿಣಿಯರ ತಪಾಸಣೆಗೆ ಇವೆರಡೂ ಬೇಕೇ ಬೇಕು. ಅವರ ತರಬೇತಿಯಲ್ಲಿ ಮೊದಲಿನಿಂದಲೂ ಇತ್ತು. ಎ.ಎನ್.ಎಂ. ಎಂದರೆ ಹೆರಿಗೆಯ ಅಮ್ಮ, ಆಮೇಲೆ ಕುಟುಂಬ ಯೋಜನೆಯ ಅಮ್ಮ, ಲಸಿಕೆಯ ಅಮ್ಮ. 1973ರ ಕರ್ತಾರ್ ಸಿಂಗ್ ಸಮಿತಿ ಎಲ್ಲ ಕೆಲಸಕ್ಕೂ ಒಬ್ಬರೇ ಎಂದು ವಿವಿಧೋದ್ದೇಶ ಕಾರ್ಯಕರ್ತೆ ಮಾಡಿತು. 1978ರಲ್ಲಿ ಆಲ್ಮಾ ಆಟಾ ಎಂಬ ಊರಿನಲ್ಲಿ ಲೋಕದ ಬಹಳಷ್ಟು ದೇಶಗಳು ಸೇರಿ ಎಲ್ಲರಿಗೂ ಆರೋಗ್ಯ ಎಂದು ಘೋಷಿಸಿದವು. ಆದರೂ ಪಟ್ಟಿ ಸುತ್ತಿದ್ದು ಸೊಸೆಯ ತೋಳಿಗೆ. ಪಕ್ಕದಲ್ಲೇ ಕೂತು ವೀಳ್ಯ ಜಗಿಯುತ್ತಿದ್ದ ಅತ್ತೆಯ ತೋಳಿಗೆ ಸುತ್ತಬೇಕೆಂದು ಯಾರೂ ಹೇಳಿರಲಿಲ್ಲ. ಬರೆದುಕೊಳ್ಳಲು ಪುಸ್ತಕದಲ್ಲಿ ಕಾಲಮ್ಮೂ ಇರಲಿಲ್ಲ.

ಬಿ.ಪಿ.ಗೆ ಲಕ್ಷಣವೇ ಇಲ್ಲದಿರುವುದು ಅದರ ಕೆಟ್ಟ ಗುಣ. ತಲೆನೋವು ಬಂದರೆ ಮಾತ್ರ ಬಿ.ಪಿ. ಎಂದು ನಮ್ಮವರು ತಿಳಿದಿದ್ದಾರೆ. 140/90 ದಾಟಿದವರಲ್ಲಿ ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ. ಅಳೆದರೆ ಮಾತ್ರ ಗೊತ್ತು. ಅದೂ ಐದು ನಿಮಿಷ ಸುಮ್ಮನೆ ಕೂರಿಸಿ, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು, ಎರಡು ಸಲ ನೋಡಬೇಕು. ಗುಡ್ಡೆ ಹತ್ತಿ ಬಂದ ಕೂಡಲೇ ನೋಡಿದರೆ ಸುಳ್ಳು ಅಂಕಿ ಬರುತ್ತದೆ. ಶುಗರಿಗಾದರೆ ಸೂಚನೆಗಳಿವೆ: ಬಾಯಾರಿಕೆ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಕಾಲಿನ ಗಾಯ ಮಾಗದಿರುವುದು, ಪಾದ ಜೋಮು ಹಿಡಿಯುವುದು. ಬರಿಗಾಲಲ್ಲಿ ಅಡಿಕೆ ತೋಟಕ್ಕೆ ಹೋಗುವ ನಮ್ಮವರಿಗೆ ಕೊನೆಯ ಎರಡು ಬಹಳ ಮುಖ್ಯ. ಜೋಮು ಹಿಡಿದ ಕಾಲಿಗೆ ಮುಳ್ಳು ಚುಚ್ಚಿದ್ದು ಗೊತ್ತೇ ಆಗುವುದಿಲ್ಲ. ಒಳ್ಳೆಯ ಸಿಸ್ಟರ್ ಶುಗರ್ ಅಂಕಿಯ ಜೊತೆ ಪಾದವನ್ನೂ ಎತ್ತಿ ನೋಡುತ್ತಾರೆ.

ಕೇಂದ್ರ ಸರಕಾರ ಕ್ಯಾನ್ಸರ್, ಮಧುಮೇಹ, ಹೃದ್ರೋಗ, ಪಾರ್ಶ್ವವಾಯುಗಳಿಗೆಂದು ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿದ್ದು 2010ರಲ್ಲಿ. ಕೊರೊಟ್ಕೊವ್ ಶಬ್ದ ಕೇಳಿ 105 ವರ್ಷಗಳಾದ ಮೇಲೆ! ಆಮೇಲೆ 30 ವರ್ಷ ದಾಟಿದ ಎಲ್ಲರನ್ನೂ ಪರೀಕ್ಷಿಸಬೇಕು ಎಂಬ ನಿಯಮ ಬಂತು. 2017ರಲ್ಲಿ ಬಿ.ಪಿ. ಹತೋಟಿಗೆಂದೇ ಶುರುವಾದ ಯೋಜನೆಯಲ್ಲಿ ಮೊದಲು ಸೇರಿದ ಐದು ರಾಜ್ಯಗಳಲ್ಲಿ ಕೇರಳವೂ ಒಂದು.

ಕೇರಳದ ದಾರಿ

ಕೇರಳಕ್ಕೆ ಸೇರಿದ ಮೇಲೆ ನಮಗೆ ಆದ ನಷ್ಟಗಳ ಪಟ್ಟಿಯನ್ನು ನಾವು ಆಗಾಗ ಹೇಳುತ್ತೇವೆ. ಆದ ಲಾಭವನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. 1993ರಲ್ಲಿ ಕೋಝಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ಗುಣವಾಗದ ರೋಗಿಗಳ ನೋವು ಕಡಿಮೆ ಮಾಡಲು ಒಂದು ಸಂಘ ಕಟ್ಟಿದರು. ಕ್ರಮೇಣ ಊರಿನ ಜನರೇ ತರಬೇತಿ ಪಡೆದು ಮನೆಗಳಿಗೆ ಹೋಗುವ ಪದ್ಧತಿ ಬೆಳೆಯಿತು. 2008ರಲ್ಲಿ ಕೇರಳ ಸರಕಾರ ಪಾಲಿಯೇಟಿವ್ ಆರೈಕೆಗೆ ಪ್ರತ್ಯೇಕ ನೀತಿ ಪ್ರಕಟಿಸಿತು. ಪಂಚಾಯತುಗಳಲ್ಲಿ ಮನೆ ಭೇಟಿಗೆ ನರ್ಸು, ಜೀಪು, ಮದ್ದು ಬಂದವು. ಅಜ್ಜಿಯನ್ನು ಉಳಿಸಿದ ಸಿಸ್ಟರ್ ಬಂದದ್ದು ಈ ದಾರಿಯಲ್ಲಿ. ಎ.ಎನ್.ಎಂ.ಗೆ ನಮ್ಮಲ್ಲಿ ಜೆ.ಪಿ.ಎಚ್.ಎನ್. ಎಂದು ಹೆಸರು. ಅವರೂ ಆಶಾ ಕಾರ್ಯಕರ್ತೆಯರೂ ಈಗ ಮನೆಮನೆಯ ಬಿ.ಪಿ., ಶುಗರ್ ಪಟ್ಟಿ ಇಡುತ್ತಾರೆ. 2017ರಲ್ಲಿ ಶುರುವಾದ ಆರ್ದ್ರಂ ಯೋಜನೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಕುಟುಂಬ ಆರೋಗ್ಯ ಕೇಂದ್ರಗಳಾದವು. ದಮ್ಮಿನವರಿಗೆ ಶ್ವಾಸ್, ಮನಸ್ಸು ಕುಗ್ಗಿದವರಿಗೆ ಆಶ್ವಾಸಂ ಎಂಬ ಕ್ಲಿನಿಕ್ಕುಗಳು ಬಂದವು.

ಹತ್ತಿರವಿದ್ದು ನೋಡುವ ಕಣ್ಣಿನ ಬೆಲೆ ಏನೆಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ದೊಡ್ಡ ಉದಾಹರಣೆ ಇದೆ. ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಅವರು, ಇಷ್ಟು ಸಣ್ಣ ಪ್ರದೇಶದಲ್ಲಿ ಇಷ್ಟು ಬಗೆಯ ವಿಚಿತ್ರ ಕಾಯಿಲೆ ಯಾಕೆ ಎಂದು ಮೊದಲು ಕೇಳಿದವರಲ್ಲಿ ಒಬ್ಬರು. ಅವರು ದೊಡ್ಡ ಪ್ರಯೋಗಾಲಯದವರಲ್ಲ, ಊರಿನ ಡಾಕ್ಟರು. ವರ್ಷಗಟ್ಟಲೆ ಅದೇ ಮನೆಗಳವರನ್ನು ನೋಡುತ್ತಿದ್ದುದರಿಂದ ಅವರಿಗೆ ಅದು ಕಂಡಿತು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೇ ನಿಲ್ಲಿಸಿತು.

ಗಡಿ ಮುಚ್ಚಿದ ದಿನಗಳು

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಕಾಗದದಲ್ಲಿ ಗಡಿ ಬಂದರೂ ನಮ್ಮ ಕಾಯಿಲೆಗಳು ಗಡಿಯನ್ನು ಒಪ್ಪಲಿಲ್ಲ. ಎದೆನೋವಿಗೂ ಡಯಾಲಿಸಿಸ್‌ಗೂ ಬಹಳ ಮಂದಿಗೆ 50 ಕಿ.ಮೀ. ದೂರದ ಮಂಗಳೂರೇ ಗತಿಯಾಗಿತ್ತು. ಅಲ್ಲಿ ಆಸ್ಪತ್ರೆಯೂ ಹತ್ತಿರ, ಭಾಷೆಯೂ ಹತ್ತಿರ.

2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ತಲಪಾಡಿಯಲ್ಲಿ ದಾರಿ ಮುಚ್ಚಿತು, ಒಳರಸ್ತೆಗಳಿಗೂ ಮಣ್ಣು ಬಿತ್ತು. ಆಂಬುಲೆನ್ಸುಗಳು ಹಿಂದಿರುಗಿದವು. ಸಕಾಲಕ್ಕೆ ಚಿಕಿತ್ಸೆ ಸಿಗದೆ ನಮ್ಮ ಕಡೆಯ ಹಲವರು ತೀರಿಕೊಂಡದ್ದು ಪತ್ರಿಕೆಗಳಲ್ಲಿ ಬಂತು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ತೆರೆಯಿಸಬೇಕೆಂದು ಕೇಂದ್ರ ಸರಕಾರಕ್ಕೆ ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಉಕ್ಕಿನಡ್ಕದಲ್ಲಿ 2013ರಲ್ಲಿ ಶಿಲಾನ್ಯಾಸವಾಗಿ ಕುಂಟುತ್ತಿದ್ದ ಮೆಡಿಕಲ್ ಕಾಲೇಜಿನ ಕಟ್ಟಡವನ್ನು ಅವಸರದಲ್ಲಿ ಕೊರೋನಾ ಆಸ್ಪತ್ರೆ ಮಾಡಿದರು. ತೀರಿಕೊಂಡವರು ಯಾವ ಭಾಷೆಯವರು ಎಂದು ಗಡಿ ಕೇಳಲಿಲ್ಲ. ಕನ್ನಡದವರೂ ಮಲಯಾಳದವರೂ ಅದರಲ್ಲಿದ್ದರು.

ಆ ದಿನಗಳಲ್ಲಿ ನಮಗೆ ಒಂದು ವಿಷಯ ಮನದಟ್ಟಾಯಿತು. ದೊಡ್ಡ ಆಸ್ಪತ್ರೆ ಬೇಕು, ಬೇಡವೆನ್ನುವುದಿಲ್ಲ. ಆದರೆ ಹತ್ತು ವರ್ಷ ಬಿ.ಪಿ. ನೋಡಿಸಿಕೊಳ್ಳದೆ, ಹನ್ನೊಂದನೇ ವರ್ಷ ಆಂಬುಲೆನ್ಸಿನಲ್ಲಿ ಗಡಿ ದಾಟುವ ಪರಿಸ್ಥಿತಿ ಬರದಂತೆ ನೋಡಿಕೊಳ್ಳುವವರು ಊರೊಳಗಿನ ಸಿಸ್ಟರ್. ಅವರ ಚೀಲದಲ್ಲಿ ಈಗ ಎಲ್ಲ ಇದೆ. ಕಡಿಮೆಯಿರುವುದು ನಮ್ಮ ಮಾತು.

ಇದು ಸಿಸ್ಟರ್‌ಗಳ ತಪ್ಪಲ್ಲ. ದೂರದ ಜಿಲ್ಲೆಯಿಂದ ಬಂದವರಿಗೆ ಕನ್ನಡ, ತುಳು ಯಾರು ಕಲಿಸಿದ್ದಾರೆ? ಭಾಷಾ ಅಲ್ಪಸಂಖ್ಯಾತರಾದ ಕನ್ನಡಿಗರು ತಮ್ಮ ಭಾಷೆಯಲ್ಲೇ ಸರಕಾರದ ಜೊತೆ ಪತ್ರವ್ಯವಹಾರ ನಡೆಸಬಹುದು ಎಂದು ಕೇರಳದ 1969ರ ಆಡಳಿತ ಭಾಷಾ ಕಾನೂನಿನಲ್ಲಿದೆ. ನಾವು ಆ ಹಕ್ಕನ್ನು ಜಾಗದ ಕಾಗದಕ್ಕೆ, ಪರೀಕ್ಷೆಯ ಪ್ರಶ್ನೆಪತ್ರಿಕೆಗೆ ಕೇಳಿದ್ದೇವೆ. ಮದ್ದಿನ ಚೀಟಿಗೆ ಕೇಳಿದ್ದು ನಮಗೆ ನೆನಪಿಲ್ಲ.

ನಮ್ಮ ಕೈಲಾದಷ್ಟು

ಅಜ್ಜಿಯ ಪ್ರಕರಣವಾದ ಮೇಲೆ ಆ ಸಿಸ್ಟರನ್ನು ಶಾಲೆಗೆ ಕರೆದೆವು. ಮಕ್ಕಳು ತಮ್ಮ ಮನೆಯ ಹಿರಿಯರ ಮದ್ದಿನ ಚೀಟಿ ತಂದರು. ಸಿಸ್ಟರ್ ಒಂದೊಂದನ್ನೇ ನೋಡಿ ಹೇಳಿದರು, ಮಕ್ಕಳು ದಪ್ಪ ಕಾಗದದಲ್ಲಿ ದಪ್ಪ ಕನ್ನಡ ಅಕ್ಷರದಲ್ಲಿ ಬರೆದರು. ಬೆಳಗ್ಗೆಗೆ ಸೂರ್ಯನ ಚಿತ್ರ, ರಾತ್ರಿಗೆ ಚಂದ್ರ. ಓದಲು ಬಾರದ ಅಜ್ಜನಿಗೂ ಅರ್ಥವಾಗಬೇಕಲ್ಲ! ಗಂಜಿಯ ಜೊತೆ ಉಪ್ಪಿನಕಾಯಿ, ಒಣಮೀನು ಎಷ್ಟಿರಬೇಕು ಎಂಬ ಚರ್ಚೆ ಬಹಳ ಜೋರಾಗಿ ನಡೆಯಿತು. ಬಿ.ಪಿ. ಇಳಿಯಿತು ಎಂದು ಮಾತ್ರೆ ನಿಲ್ಲಿಸಬಾರದು, ಮಾತ್ರೆ ತೆಗೆದುಕೊಂಡದ್ದರಿಂದಲೇ ಅದು ಇಳಿದದ್ದು ಎಂಬುದನ್ನು ಎಲ್ಲರೂ ಬರೆದುಕೊಂಡರು. ಶುಗರ್ ಇಳಿದು ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು ಎಂಬುದನ್ನೂ.

ಶಾಲೆಯ ವತಿಯಿಂದ ಪಂಚಾಯತಿಗೆ ಒಂದು ಅರ್ಜಿ ಕೊಟ್ಟಿದ್ದೇವೆ, ಕನ್ನಡದಲ್ಲೇ. ಮದ್ದಿನ ಚೀಟಿಯಲ್ಲಿ ಊಟಕ್ಕೆ ಮೊದಲು, ಊಟದ ನಂತರ, ಬೆಳಗ್ಗೆ, ರಾತ್ರಿ ಎಂಬ ನಾಲ್ಕು ಶಬ್ದಗಳನ್ನು ಕನ್ನಡದಲ್ಲೂ ಮುದ್ರಿಸಿ ಎಂದು. ತಾಳವಾಡಿಯ ಕನ್ನಡಿಗರು ತಮಿಳಿನಲ್ಲಿ ನೀರಿಳಿವು ಎಂದು ಬರೆದ ಬೋರ್ಡಿನ ಕೆಳಗೆ ಕಾದು ಕೂರುತ್ತಾರೆ, ಜತ್ತ, ಅಕ್ಕಲಕೋಟೆಯವರು ಮರಾಠಿ ಚೀಟಿ ಹಿಡಿದು ಬರುತ್ತಾರೆ. ಅಲ್ಲಿನ ಶಿಕ್ಷಕ ಮಿತ್ರರು ಏನು ಉಪಾಯ ಮಾಡಿದ್ದಾರೆ ಎಂದು ತಿಳಿದರೆ ನಾವೂ ಕಲಿಯುತ್ತೇವೆ.

ಅಜ್ಜಿ ಏಕಾದಶಿ ಬಿಟ್ಟಿಲ್ಲ. ಡಾಕ್ಟರ ಹತ್ತಿರ ಮಾತಾಡಿ ಆ ದಿನದ ಮಾತ್ರೆಯನ್ನು ಸಿಸ್ಟರ್ ಸರಿಮಾಡಿಸಿ ಕೊಟ್ಟಿದ್ದಾರೆ, ಅಜ್ಜಿ ಹೊತ್ತಿಗೆ ಸರಿಯಾಗಿ ಅವಲಕ್ಕಿ, ಹಾಲು ತೆಗೆದುಕೊಳ್ಳುತ್ತಾರೆ. ಮೊಮ್ಮಗ ಬರೆದ ಕಾರ್ಡು ದೇವರ ಕೋಣೆಯ ಬಾಗಿಲಲ್ಲಿ ಪಂಚಾಂಗದ ಪಕ್ಕದಲ್ಲೇ ತೂಗುತ್ತಿದೆ. ಅದರಲ್ಲಿ ಏಕಾದಶಿಯ ದಿನಗಳಿಗೆ ಅವನು ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದಾನೆ.